ಛತ್ರಾಕಗಳ ಲಕ್ಷಣವಿಚಾರ

ಮುಂಗಾರಿನ ಮೊದಲ ಗುಡುಗು ಕೇಳಿದ ಕೆಲವು ದಿನಗಳಲ್ಲಿಯೇ ಮಲೆನಾಡಿನ ಕಾಡಿನ ನೆಲವು ತನ್ನ ರೂಪವನ್ನು ಬದಲಿಸುತ್ತದೆ. ನಿನ್ನೆ ತರಗೆಲೆಯಲ್ಲದೆ ಬೇರೇನೂ ಕಾಣದಿದ್ದ ಕಡೆ ಇಂದು ಬಿಳಿಯ, ಬೂದಿಯ, ಕೆಂಪಿನ ಕೊಡೆಗಳು. ಮುರಿದು ಬಿದ್ದ ಮರದ ಮೇಲೆ ಕಿವಿಯಂತಹ ಹಾಳೆಗಳು. ಹುತ್ತದ ಸುತ್ತ ಹಿಂಡುಹಿಂಡಾಗಿ ಚೂಪು ಮೊಗ್ಗುಗಳು. ಕರಾವಳಿಯ ಜಂಬಿಟ್ಟಿಗೆಯ ನೆಲದಲ್ಲಿ ಮಣ್ಣಿನೊಳಗೆ ಹುದುಗಿದ ಗೋಲಿಗಳು. ಇವೆಲ್ಲಕ್ಕೂ ಕನ್ನಡಿಗರು ಅಣಬೆಯೆಂಬ ಒಂದೇ ಹೆಸರನ್ನು ಕೊಟ್ಟು ತೃಪ್ತರಾಗಿದ್ದಾರೆ. ಒಂದರಲ್ಲಿ ಊಟವಿದೆ, ಒಂದರಲ್ಲಿ ವಾಂತಿಯಿದೆ, ಒಂದರಲ್ಲಿ ಮರಣವೇ ಇದೆ. ಹೆಸರು ಒಂದೇ ಆದ ಕಡೆ ಭೇದವನ್ನು ತಿಳಿಸಬೇಕಾದುದು ಲಕ್ಷಣವು. ಆ ಲಕ್ಷಣವನ್ನು ಕಾವ್ಯ, ಶಾಸ್ತ್ರ, ಕೋಶ, ಲೋಕವಾರ್ತೆಗಳು ಎಷ್ಟರಮಟ್ಟಿಗೆ ಹೇಳಿವೆಯೆಂಬುದನ್ನು ಪರೀಕ್ಷಿಸುವುದು ಕೇವಲ ಪಂಡಿತರ ವಿನೋದವಾಗಲಾರದು.

ಮೊದಲು ಕಾವ್ಯದ ಮಾತು. ಮೇಘದೂತದ ಪೂರ್ವಭಾಗದಲ್ಲಿ ಮೋಡದ ಗರ್ಜನೆಯು ಭೂಮಿಯಿಂದ ಶಿಲೀಂಧ್ರಗಳನ್ನು ಎಬ್ಬಿಸುವುದಾಗಿ ಕಾಳಿದಾಸನು ವರ್ಣಿಸಿದ್ದಾನೆ. ಗುಡುಗಿಗೂ ಅಣಬೆಗೂ ನಂಟು ಕಟ್ಟುವ ನಂಬಿಕೆಯು ಅನೇಕ ದೇಶಗಳಲ್ಲಿ ಉಂಟು. ವಿದ್ಯುತ್ತಿನ ಆಘಾತದಿಂದ ಕೆಲವು ಅಣಬೆಗಳ ಬೆಳೆಯು ಹೆಚ್ಚಿತೆಂದು ಜಪಾನಿನಲ್ಲಿ ನಡೆದ ಪ್ರಯೋಗಗಳು ತೋರಿಸಿರುವುದರಿಂದ ಕವಿಯ ಮಾತನ್ನು ಬರಿಯ ಉತ್ಪ್ರೇಕ್ಷೆಯೆಂದು ತಳ್ಳಿಬಿಡುವಂತೆಯೂ ಇಲ್ಲ. ಆದರೆ ಆ ಶಿಲೀಂಧ್ರವೆಂದರೆ ಯಾವುದು? ಮಲ್ಲಿನಾಥನು ಅದನ್ನು ಕಂದಲಿಯೆಂದು ವಿವರಿಸುತ್ತಾನೆ. ಹತ್ತಾರು ಶ್ಲೋಕಗಳ ಮುಂದೆ ಕಂದಲಿಯೆಂಬ ಶಬ್ದವೇ ಮೂಲದಲ್ಲಿ ಬಂದಾಗ ಅದಕ್ಕೆ ನೆಲಬಾಳೆಯೆಂದು ಅರ್ಥವನ್ನು ಹೇಳುತ್ತಾನೆ. ಅಣಬೆಯನ್ನು ಹುಡುಕಿ ಹೊರಟ ವಿದ್ಯಾರ್ಥಿಯು ವ್ಯಾಖ್ಯಾನದ ಕೈಹಿಡಿದು ನಡೆದರೆ ಮೊಗ್ಗು ಬಿಡುವ ಗಿಡವೊಂದರ ಬುಡಕ್ಕೆ ಬಂದು ನಿಲ್ಲುತ್ತಾನೆ! ವ್ಯಾಖ್ಯಾನಕಾರನ ಪಾಂಡಿತ್ಯಕ್ಕೆ ಇದರಿಂದ ಕುಂದೇನೂ ಇಲ್ಲ. ಶಬ್ದಕ್ಕೆ ಶಬ್ದವನ್ನು ಕೊಡುವುದು ಕೋಶದ ಧರ್ಮವು. ವಸ್ತುವನ್ನು ತೋರಿಸುವುದು ಅದರ ಧರ್ಮವಲ್ಲ. ಇಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿಯಂತೂ ಶಿಲೀಂಧ್ರ ಶಬ್ದವು ರೊಟ್ಟಿಯ ಮೇಲಣ ಬೂಷ್ಟು, ಹಿಟ್ಟನ್ನು ಹುಳಿಸುವ ಯೀಸ್ಟು, ಚರ್ಮದ ಹುಳುಕಡ್ಡಿ ಇವೆಲ್ಲವನ್ನೂ ಒಳಗೊಂಡು ಒಂದು ಮಹಾವರ್ಗದ ಹೆಸರಾಗಿಬಿಟ್ಟಿದೆ. ಶಬ್ದವು ಅಗಲವಾದಷ್ಟೂ ಕಾಡಿನಲ್ಲಿ ನಿಂತವನಿಗೆ ಅದರ ಪ್ರಯೋಜನವು ಕಿರಿದಾಗುತ್ತದೆ.

ಶಬ್ದದಿಂದ ವಸ್ತುವನ್ನು ಹಿಡಿಯಲು ಹೊರಟ ಇನ್ನೊಂದು ಸಾಹಸವು ಪಾಶ್ಚಾತ್ಯರದು. ವೇದದ ಸೋಮವು ಅಮನಿಟಾ ಮಸ್ಕಾರಿಯಾ ಎಂಬ ಅಣಬೆಯೇ, ಅಂದರೆ ಕೆಂಪು ಕೊಡೆಯ ಮೇಲೆ ಬಿಳಿಯ ಚುಕ್ಕೆಗಳುಳ್ಳ ಆ ಪ್ರಸಿದ್ಧ ಜಾತಿಯೇ, ಎಂದು ವಾಸನ್ ಎಂಬ ಅಮೆರಿಕದ ವಿದ್ವಾಂಸನು ೧೯೬೮ರಲ್ಲಿ ಪ್ರಕಟವಾದ ದೊಡ್ಡ ಗ್ರಂಥದಲ್ಲಿ ವಾದಿಸಿದನು. ಋಗ್ವೇದದಲ್ಲಿ ಸೋಮಕ್ಕೆ ಬೇರು, ಎಲೆ, ಹೂವು, ಬೀಜಗಳ ಉಲ್ಲೇಖವಿಲ್ಲವೆಂಬುದು ಅವನ ಮುಖ್ಯ ಹೇತುಗಳಲ್ಲಿ ಒಂದು. ೧೯೭೧ರಲ್ಲಿ ಜಾನ್ ಬ್ರಫ್ ಎಂಬ ಸಂಸ್ಕೃತಜ್ಞನು ಈ ವಾದವನ್ನು ವಿವರವಾಗಿ ಪರೀಕ್ಷಿಸಿ ಒಪ್ಪದೆ ಹೋದನು. ತರ್ಕವನ್ನು ಓದಿದವರಿಗೆ ದೋಷವು ಎಲ್ಲಿದೆಯೆಂಬುದು ತಿಳಿಯದಿರದು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದರೆ ಮಾತ್ರ ಅದು ಇಲ್ಲವೆಂಬ ನಿಶ್ಚಯವು ಸಿದ್ಧಿಸುತ್ತದೆ. ಸ್ತೋತ್ರವನ್ನು ಹಾಡುವ ಋಷಿಯು ಎಲೆಯನ್ನು ವರ್ಣಿಸಲೇಬೇಕೆಂಬ ನಿಯಮವೆಲ್ಲಿದೆ? ವರ್ಣಿಸದ ಎಲೆಯು ಇಲ್ಲದ ಎಲೆಯಲ್ಲ. ವಾಸನ್ನನ ಶ್ರಮವು ಅಪಾರವಾದುದು. ಅವನ ಗ್ರಂಥವನ್ನು ಓದಿದವರು ಅಣಬೆಗಳ ವಿಷಯದಲ್ಲಿ ಬಹಳ ಕಲಿಯುವರು. ಆದರೂ ವರ್ಣನೆಯ ಮೌನವನ್ನು ಲಕ್ಷಣವಾಗಿ ಎಣಿಸಿದುದು ಒಪ್ಪತಕ್ಕುದಲ್ಲ.

ಇರಲಿ. ಶಾಸ್ತ್ರಗಳು ಏನು ಹೇಳುತ್ತವೆ? ಮನುಸ್ಮೃತಿಯ ಐದನೆಯ ಅಧ್ಯಾಯವು ಬೆಳ್ಳುಳ್ಳಿ ಈರುಳ್ಳಿಗಳ ಸಾಲಿನಲ್ಲಿ ಕವಕವನ್ನೂ ಸೇರಿಸಿ ದ್ವಿಜರಿಗೆ ಅಭಕ್ಷ್ಯವೆಂದಿದೆ. ಆರನೆಯ ಅಧ್ಯಾಯದಲ್ಲಿ ಕಾಡಿನಲ್ಲಿಯೇ ವಾಸಿಸುವ ವಾನಪ್ರಸ್ಥನಿಗೂ ನೆಲದ ಕವಕಗಳು ವರ್ಜ್ಯವಾಗಿವೆ. ಎಲ್ಲವನ್ನೂ ನಿಷೇಧಿಸಿದವನಿಗೆ ಭೇದವನ್ನು ಹೇಳುವ ಅಗತ್ಯವಿಲ್ಲ. ಧರ್ಮಶಾಸ್ತ್ರಕಾರನನ್ನು ಈ ವಿಷಯದಲ್ಲಿ ಪ್ರಶ್ನಿಸುವುದು ಸಲ್ಲದು. ವೈದ್ಯಶಾಸ್ತ್ರವನ್ನು ಪ್ರಶ್ನಿಸಬಹುದು. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಛತ್ರಜಾತಿಗಳ ಗುಣವನ್ನು ಹೇಳುವಾಗ ಸರ್ಪಚ್ಛತ್ರಕವೊಂದನ್ನು ಬಿಟ್ಟು ಉಳಿದವು ಶೀತ, ಮಧುರ, ಗುರು, ಪೀನಸವನ್ನುಂಟುಮಾಡುವಂಥವು ಎಂದು ತೀರ್ಮಾನವಿದೆ. ಬಿಡಬೇಕಾದುದು ಯಾವುದೆಂದು ಆಚಾರ್ಯನು ಬಲ್ಲನು, ಹೆಸರನ್ನೂ ಕೊಟ್ಟನು, ಗುರುತನ್ನು ಮಾತ್ರ ಕೊಡಲಿಲ್ಲ. ಸರ್ಪಚ್ಛತ್ರಕವೆಂದರೆ ಹಾವಿನ ಹೆಡೆಯಂತಿರುವುದೋ, ಹಾವಿನ ಹುತ್ತದ ಬಳಿ ಏಳುವುದೋ, ಹಾವಿನಂತೆ ವಿಷವುಳ್ಳದ್ದೋ? ವಿಗ್ರಹವಾಕ್ಯವನ್ನು ಹೇಗೆ ಬೇಕಾದರೂ ಮಾಡಬಹುದು. ಎರಡನೆಯ ಅರ್ಥವನ್ನು ಹಿಡಿದವನು ಅತ್ಯುತ್ತಮವಾದ ಹುತ್ತದ ಅಣಬೆಯನ್ನೇ ಎಸೆದು, ಹುಲ್ಲುಗಾವಲಿನ ಯಾವುದೋ ವಿಷವನ್ನು ಬುಟ್ಟಿಗೆ ತುಂಬಿಕೊಂಡಾನು. ಸಮಾಸದ ಒಂದು ಸಂದೇಹವು ಇಲ್ಲಿ ಅಡಿಗೆಯ ಮನೆಯವರೆಗೂ ಬರುತ್ತದೆ.

ಸುಶ್ರುತನು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಸೂತ್ರಸ್ಥಾನದ ನಲವತ್ತಾರನೆಯ ಅಧ್ಯಾಯದಲ್ಲಿ ಉದ್ಭಿದಗಳನ್ನು ಅವು ಹುಟ್ಟುವ ಆಶ್ರಯದಿಂದ ಐದು ಬಗೆಯಾಗಿ ವಿಂಗಡಿಸುತ್ತಾನೆ: ಒಣಹುಲ್ಲಿನಲ್ಲಿ ಹುಟ್ಟಿದವು, ಕಬ್ಬಿನಲ್ಲಿ ಹುಟ್ಟಿದವು, ಒಣಸಗಣಿಯಲ್ಲಿ, ಬಿದಿರಿನಲ್ಲಿ, ನೆಲದಲ್ಲಿ ಹುಟ್ಟಿದವು ಎಂದು. ಹುಲ್ಲಿನಲ್ಲಿ ಹುಟ್ಟಿದುದು ಮಧುರವೂ ದೋಷಶಾಮಕವೂ ಆದುದೆಂದು ಹೊಗಳುತ್ತಾನೆ. ಇಂದಿಗೂ ಭತ್ತದ ಹುಲ್ಲಿನಲ್ಲಿ ಬೆಳೆಸುವ ಅಣಬೆಯು ಜನಪ್ರಿಯವಾದ ಆಹಾರವೇ. ನೆಲದಲ್ಲಿ ಹುಟ್ಟಿದುದರ ಅನುರಸವು ನೆಲವನ್ನೇ ಅನುಸರಿಸುತ್ತದೆಂಬ ಮಾತಿನಲ್ಲಿ ಪ್ರತ್ಯಕ್ಷದ ಪರಿಚಯವು ಎದ್ದು ತೋರುತ್ತದೆ. ಈ ವಿಭಾಗವು ಶ್ಲಾಘ್ಯವಾದುದು. ಯಾವುದರ ಮೇಲೆ ಹುಟ್ಟಿದೆಯೆಂಬುದು ಇಂದಿನ ಅಣಬೆಯ ವಿಜ್ಞಾನದಲ್ಲಿಯೂ ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು. ಆದರೆ ಒಂದೇ ನೆಲದಲ್ಲಿ, ಒಂದೇ ಮರದ ಕೆಳಗೆ, ಗೇಣು ಅಂತರದಲ್ಲಿ ಅಮೃತವೂ ವಿಷವೂ ಏಳಬಲ್ಲವಾದುದರಿಂದ ಆಶ್ರಯವೊಂದೇ ಸಾಕಾಗುವುದಿಲ್ಲ.

ಇಷ್ಟು ಸೂಕ್ಷ್ಮಬುದ್ಧಿಯುಳ್ಳ ಶಾಸ್ತ್ರಪರಂಪರೆಯು ಇಲ್ಲಿಯೇ ಏಕೆ ನಿಂತಿತು? ಉತ್ತರವು ಅಷ್ಟು ಸುಖಕರವಾದುದಲ್ಲ. ಬರೆಯಬಲ್ಲವರ ಮನೆಗಳಲ್ಲಿ ಬಹುಮಟ್ಟಿಗೆ ಅಣಬೆಯು ಒಲೆಯನ್ನೇರಲಿಲ್ಲ. ಯಾರ ಮನೆಯಲ್ಲಿ ಏರಿತೋ ಅವರ ಕೈಗೆ ಕಂಠಪತ್ರಗಳು ಬರಲಿಲ್ಲ. ಕಾಡಿನಂಚಿನ ಹೆಂಗಸರು, ದನ ಕಾಯುವ ಹುಡುಗರು, ಸೌದೆಗೆ ಹೋಗುವವರು ಯಾವ ಹುತ್ತದಲ್ಲಿ ಯಾವ ಮಳೆಗೆ ಯಾವುದು ಏಳುವುದೆಂದು ಬಲ್ಲರು. ಅವರ ಜ್ಞಾನವು ಕಣ್ಣಿನಿಂದ ಕಣ್ಣಿಗೆ ಸಾಗಿ ಬಂದಿತೇ ಹೊರತು ಶಬ್ದಕ್ಕೆ ಇಳಿಯಲಿಲ್ಲ. ಶಬ್ದಕ್ಕೆ ಇಳಿದುದು ಆ ಜ್ಞಾನದ ಹೊಟ್ಟು ಮಾತ್ರ. ಮನೆಮನೆಯಲ್ಲಿ ಹೇಳುವ, ಪತ್ರಿಕೆಗಳೂ ಆಗಾಗ್ಗೆ ಅಚ್ಚುಹಾಕುವ ಸುಲಭಸೂತ್ರಗಳು. ಅವನ್ನು ಈಗ ಕಟುವಾಗಿಯೇ ವಿಮರ್ಶಿಸಬೇಕಾಗಿದೆ.

ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ತಾರ್ಕಿಕರು ಹೇಳುತ್ತಾರೆ. ಗೋವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಹಸುವು ಹೊರಗೆ ಉಳಿಯುತ್ತದೆ; ಕೊಂಬುಳ್ಳುದೇ ಗೋವೆಂದರೆ ಎಮ್ಮೆಯೂ ಕೊಟ್ಟಿಗೆಗೆ ಬರುತ್ತದೆ; ಒಂದೇ ಗೊರಸುಳ್ಳುದೆಂದರೆ ಹಸುವೊಂದೂ ಸಿಕ್ಕುವುದಿಲ್ಲ. ತರ್ಕಸಂಗ್ರಹವನ್ನು ಮುಗಿಸಿದ ಬಾಲಕನಿಗೂ ತಿಳಿದಿರುವ ಈ ಒರೆಗಲ್ಲಿಗೆ ಲೋಕದ ಸೂತ್ರಗಳನ್ನು ತಿಕ್ಕಿ ನೋಡಬಹುದು.

ಬಣ್ಣ ಬಣ್ಣದ ಅಣಬೆಯು ವಿಷವೆಂಬುದು ಮೊದಲನೆಯದು. ಯುರೋಪಿನಲ್ಲಿ ಸಂಹಾರದೂತನೆಂಬ ಅರ್ಥದ ಹೆಸರಿನಿಂದ ಕರೆಯುವ ಅಮನಿಟಾ ವೈರೋಸಾ ಎಂಬುದು ಅಡಿಯಿಂದ ಮುಡಿಯವರೆಗೆ ಶುಭ್ರಶ್ವೇತವು, ಅದು ಮಾರಕವು. ಇದು ಅವ್ಯಾಪ್ತಿ. ರೋಮನರ ಕಾಲದಿಂದಲೂ ಇಟಲಿಯವರು ಆದರದಿಂದ ತಿನ್ನುವ, ಸೀಸರನ ಹೆಸರಿನ ಅಮನಿಟಾ ಸಿಸೇರಿಯಾ ಕಿತ್ತಿಳೆಯ ಬಣ್ಣದ್ದು. ಇದು ಅತಿವ್ಯಾಪ್ತಿ. ಒಂದೇ ಸೂತ್ರದಲ್ಲಿ ಎರಡು ದೋಷಗಳೂ ಕೂಡಿಬಂದಿವೆ. ಹುಳು ತಿಂದುದನ್ನು ಮನುಷ್ಯನೂ ತಿನ್ನಬಹುದೆಂಬುದು ಎರಡನೆಯದು. ಸಿಂಬಳದ ಹುಳುಗಳು ಅತ್ಯಂತ ಘೋರವಾದ ಅಣಬೆಯನ್ನೂ ಮೇದು ಸುಖವಾಗಿರುತ್ತವೆ. ಅವುಗಳ ದೇಹವೇ ಬೇರೆ. ಕೊಡೆಯ ಸಿಪ್ಪೆಯು ಸುಲಭವಾಗಿ ಸುಲಿದು ಬಂದರೆ ಒಳ್ಳೆಯದೆನ್ನುವರು. ಘೋರವಿಷದ ಅಣಬೆಯ ಸಿಪ್ಪೆಯೂ ಹಾಗೆಯೇ ಸುಲಿಯುತ್ತದೆ. ಮರದ ಮೇಲೆ ಹುಟ್ಟಿದುದು ನಿರಪಾಯವೆನ್ನುವರು. ಕೊಳೆತ ಮರದ ಮೇಲೆಯೇ ಏಳುವ ಗ್ಯಾಲರೈನಾ ಮಾರ್ಜಿನೇಟಾ ಎಂಬ ಪುಟ್ಟ ಕಂದುಬಣ್ಣದ ಅಣಬೆಯಲ್ಲಿ ಅದೇ ವಿಷವಿದೆ. ಬೇಯುವ ಪಾತ್ರೆಯಲ್ಲಿ ಬೆಳ್ಳಿಯ ನಾಣ್ಯವನ್ನು ಹಾಕಿ, ಕಪ್ಪಾದರೆ ವಿಷವೆನ್ನುವುದು ಎಲ್ಲಕ್ಕಿಂತ ಪ್ರಸಿದ್ಧವಾದುದು. ಮಾರಕ ಅಣಬೆಯ ವಿಷಕ್ಕೆ ಬೆಳ್ಳಿಯನ್ನು ಕಪ್ಪು ಮಾಡುವ ಗುಣವೇ ಇಲ್ಲ, ಇದು ಅಸಂಭವದೋಷವು. ಬೆಳ್ಳಿಯನ್ನು ಕಪ್ಪು ಮಾಡುವುದು ಗಂಧಕವು. ಬೇಯಿಸಿದ ಕೋಳಿಮೊಟ್ಟೆಯೂ ಆ ಕೆಲಸವನ್ನು ಮಾಡುತ್ತದೆ.

ಉಪ್ಪು, ಹುಣಿಸೆಹುಳಿ, ಅರಿಸಿನಗಳನ್ನು ಹಾಕಿ ಚೆನ್ನಾಗಿ ಬೇಯಿಸಿದರೆ ವಿಷವು ಇಳಿಯುತ್ತದೆಂಬ ಮಾತು ಉಳಿದವಕ್ಕಿಂತ ಅಪಾಯಕರವು. ಹಸಿಯಾಗಿ ತಿಂದರೆ ತೊಂದರೆ ಕೊಟ್ಟು, ಬೆಂದ ಮೇಲೆ ಸುಮ್ಮನಾಗುವ ಕೆಲವು ಅಣಬೆಗಳು ಇರುವುದರಿಂದ ಇದಕ್ಕೆ ಅರ್ಧ ಸತ್ಯದ ಬಲವಿದೆ. ಯುರೋಪಿನ ಓಕ್ ಮರಗಳ ಬೇರಿನ ಸಂಗದಲ್ಲಿ ಬೆಳೆಯುವ ಅಮನಿಟಾ ಫ್ಯಾಲಾಯಿಡಿಸ್ ಎಂಬುದರ ವಿಷವು ಮಾತ್ರ ಬೇಯಿಸಿದರೂ ಒಣಗಿಸಿದರೂ ಕೆಡುವುದಿಲ್ಲ. ಅದರ ಕ್ರಮವನ್ನು ತಿಳಿದವರು ರುಚಿ ನೋಡಿ ಕಾಯುವ ಪರೀಕ್ಷೆಯನ್ನೂ ಕೈಬಿಡುವರು. ಅದರ ರುಚಿಯು ಹಿತವಾಗಿಯೇ ಇರುತ್ತದೆಂದು ಬದುಕಿ ಉಳಿದವರು ಹೇಳಿದ್ದಾರೆ. ತಿಂದ ಮೇಲೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆಗಳವರೆಗೆ ಏನೂ ತೋರುವುದಿಲ್ಲ. ಆ ಬಳಿಕ ವಾಂತಿಭೇದಿಗಳು. ಅನಂತರ ರೋಗಿಯು ಚೇತರಿಸಿಕೊಂಡಂತೆ ಕಾಣುತ್ತಾನೆ. ಮನೆಯವರು ದೇವರಿಗೆ ಕೈಮುಗಿಯುತ್ತಾರೆ. ಅಷ್ಟರಲ್ಲಿ ಆ ವಿಷವು ಜೀವಕೋಶಗಳಲ್ಲಿ ಆರ್‌ಎನ್‌ಎಯನ್ನು ರಚಿಸುವ ಕಿಣ್ವವನ್ನು ತಡೆದು ಯಕೃತ್ತನ್ನು ಒಳಗಿಂದೊಳಗೇ ನಾಶಮಾಡುತ್ತಿರುತ್ತದೆ. ಒಂದೇ ಅಣಬೆಯು ಒಬ್ಬ ಪ್ರೌಢನನ್ನು ಕೊಲ್ಲಲು ಸಾಕು. ಸಣ್ಣ ತುಂಡನ್ನು ತಿಂದು ಒಂದು ಗಳಿಗೆ ಕಾದು ನಿಶ್ಚಯಿಸುವವನ ಪ್ರತ್ಯಕ್ಷವು ಪ್ರತ್ಯಕ್ಷವೇ ಅಲ್ಲ. ಅದು ಕಾಲದ ಮೋಸವು.

ಹಾಗಾದರೆ ನಿರ್ದುಷ್ಟವಾದ ಲಕ್ಷಣವು ಇಲ್ಲವೇ ಇಲ್ಲವೋ? ವಿಷವುಳ್ಳ ಅಣಬೆಗಳಿಗೆಲ್ಲ ಸಾಧಾರಣವಾದ ಲಕ್ಷಣವು ಇಲ್ಲ; ವಿಷತ್ವವು ಕಣ್ಣಿಗೆ ಕಾಣುವ ಜಾತಿಯಲ್ಲ. ಒಂದೊಂದು ಅಣಬೆಗೆ ಅದರದೇ ಲಕ್ಷಣಸಮುದಾಯವು ಉಂಟು. ಲೋಕಸೂತ್ರಗಳ ಮೂಲದೋಷವು ಇಲ್ಲಿಯೇ ಇದೆ: ಇದು ಯಾವುದು ಎಂದು ಕೇಳುವ ಮೊದಲೇ ಇದನ್ನು ತಿನ್ನಬಹುದೇ ಎಂದು ಅವು ಕೇಳುತ್ತವೆ.

ಮಲೆನಾಡಿಗೆ ಚಿರಪರಿಚಿತವಾದ ಹುತ್ತದ ಅಣಬೆಯನ್ನೇ ತೆಗೆದುಕೊಳ್ಳಬಹುದು. ವಿಜ್ಞಾನಿಗಳು ಇದರ ಕುಲವನ್ನು ಟರ್ಮಿಟೋಮೈಸಿಸ್ ಎನ್ನುವರು. ಫ್ರಾನ್ಸಿನ ಏಮ್ ಎಂಬ ವಿದ್ವಾಂಸನು ೧೯೪೨ರಲ್ಲಿ ಈ ಹೆಸರನ್ನಿಟ್ಟನು. ಗೆದ್ದಲುಗಳು ನೆಲದೊಳಗೆ ತಮ್ಮ ಆಹಾರಕ್ಕಾಗಿ ಸಾಕುವ ಬೂಷ್ಟಿನ ತೋಟದಿಂದ ಇದು ಮೇಲೆದ್ದು ಬರುತ್ತದೆ. ಆದುದರಿಂದ ಇದರ ಅನೇಕ ಜಾತಿಗಳ ದಂಟು ನೆಲದ ಕೆಳಗೆ ಬೇರಿನಂತೆ ನೀಳವಾಗಿ ಇಳಿದು ಗೆದ್ದಲಿನ ಗೂಡನ್ನು ಮುಟ್ಟುತ್ತದೆ. ಗಟ್ಟಿ ಮಣ್ಣನ್ನು ತೂರಿ ಬರಬೇಕಾದುದರಿಂದ ಕೊಡೆಯ ನಡುವೆ ಚೂಪಾದ ಮೊನೆಯಿರುತ್ತದೆ. ಕೊಡೆಯ ಅಡಿಯ ಪದರಗಳು ದಂಟನ್ನು ತಾಗದೆ ಬಿಡಿಯಾಗಿ ನಿಲ್ಲುತ್ತವೆ. ಬುಡದಲ್ಲಿ ಚೀಲವಿಲ್ಲ. ಬೀಜಾಣುಗಳ ರಾಶಿಯು ನಸುಗೆಂಪು. ಪುಟ್ಟ ಪುಟ್ಟದಾಗಿ ನೂರಾರು ಒಟ್ಟಿಗೆ ಏಳುವ ಇನ್ನೊಂದು ಜಾತಿಗೆ ಆ ನೀಳವಾದ ಬೇರು ಇರುವುದಿಲ್ಲವೆಂಬುದನ್ನೂ ಹೇಳದಿದ್ದರೆ ಲಕ್ಷಣವು ಅವ್ಯಾಪ್ತವಾಗುತ್ತದೆ.

ಬೀಜಾಣುವಿನ ಬಣ್ಣವನ್ನು ನೋಡುವ ಬಗೆಯು ಸುಲಭವಾದುದು. ಇದಕ್ಕೆ ಪ್ರಯೋಗಶಾಲೆಯು ಬೇಡ. ದಂಟನ್ನು ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪಾದ ಕಾಗದದ ಮೇಲೆ ಕೊಡೆಯನ್ನು ಪದರಗಳು ಕೆಳಗಾಗುವಂತೆ ಇಟ್ಟು, ಬಟ್ಟಲನ್ನು ಮುಚ್ಚಿ ಒಂದು ರಾತ್ರಿ ಬಿಟ್ಟರೆ, ಬೆಳಿಗ್ಗೆ ಪದರಗಳ ಚಿತ್ರವೇ ಹುಡಿಯಾಗಿ ಬಿದ್ದಿರುತ್ತದೆ. ಹುಲ್ಲುಗಾವಲುಗಳಲ್ಲಿ ಮಳೆಗಾಲದಲ್ಲಿ ಏಳುವ ಕ್ಲೋರೋಫಿಲಮ್ ಮೊಲಿಬ್ಡೈಟಿಸ್ ಎಂಬ ದೊಡ್ಡ ಬಿಳಿಯ ಕೊಡೆಯು ಎಳೆಯದರಲ್ಲಿ ಬಿಳಿಯ ಪದರಗಳಿಂದ ಒಳ್ಳೆಯ ಅಣಬೆಯಂತೆಯೇ ತೋರುತ್ತದೆ. ಅದರ ಹುಡಿಯು ಹಸಿರು. ತಿಂದವರು ಕೆಲವೇ ಗಂಟೆಗಳಲ್ಲಿ ತೀವ್ರವಾದ ವಾಂತಿಭೇದಿಗಳಿಂದ ನರಳುವರು. ಹಸಿರು ಹುಡಿಯ ಅಣಬೆಗಳು ಬಹು ವಿರಳವಾದುದರಿಂದ ಇಲ್ಲಿ ಒಂದು ಗುರುತು ಬಹಳ ಕೆಲಸ ಮಾಡುತ್ತದೆ. ನಸುಗೆಂಪು ಹುಡಿಯು ಮಾತ್ರ ಹಾಗಲ್ಲ. ಎಂಟಲೋಮಾ ಕುಲದ ವಿಷದ ಅಣಬೆಗಳಿಗೂ ಅದೇ ಬಣ್ಣವಿದೆ. ಅವುಗಳ ಪದರಗಳು ದಂಟಿಗೆ ಅಂಟಿರುತ್ತವೆ. ಬಣ್ಣ, ಪದರದ ನಿಲವು, ಬುಡ, ಆಶ್ರಯ ಇವೆಲ್ಲವೂ ಒಟ್ಟುಗೂಡಿದಾಗ ಮಾತ್ರ ಅತಿವ್ಯಾಪ್ತಿಯು ತಪ್ಪುತ್ತದೆ. ಅಣಬೆಯನ್ನು ಮುರಿದು ತರುವವನು ಬುಡವೆಂಬ ಅಕ್ಷರವನ್ನೇ ಹರಿದುಹಾಕಿದ ಓಲೆಯನ್ನು ಓದುವವನು. ಅಗೆದು ಇಡಿಯಾಗಿ ತೆಗೆಯಬೇಕು.

ಲಕ್ಷಣಕ್ಕೆ ದೇಶವೂ ಒಂದು ಅಂಗವೆಂಬುದನ್ನು ಮರೆಯಲಾಗದು. ಓಕ್ ಮರಗಳೊಡನೆ ಫ್ಯಾಲಾಯಿಡಿಸ್ ಆಸ್ಟ್ರೇಲಿಯಾಕ್ಕೂ ಹೋಗಿ ನೆಲೆಸಿತು. ೨೦೧೧ರ ಡಿಸೆಂಬರಿನ ಕಡೆಯ ರಾತ್ರಿ ಕ್ಯಾನ್‌ಬೆರಾ ನಗರದಲ್ಲಿ ಅದನ್ನು ಉಂಡವರಲ್ಲಿ ಇಬ್ಬರು ೨೦೧೨ರ ಜನವರಿಯ ಮೊದಲ ದಿನಗಳಲ್ಲಿ ತೀರಿಕೊಂಡರು. ಚೀನಾದೇಶದಿಂದ ಬಂದಿದ್ದ ಅಡಿಗೆಯವನು ತನ್ನ ನಾಡಿನಲ್ಲಿ ಪ್ರಿಯವಾದ ಹುಲ್ಲಿನ ಅಣಬೆಯೆಂದು ಭ್ರಮಿಸಿದ್ದಿರಬೇಕೆಂದು ಊಹಿಸಲಾಯಿತು. ಎರಡಕ್ಕೂ ಬುಡದಲ್ಲಿ ಚೀಲವುಂಟು; ಹುಲ್ಲಿನ ಅಣಬೆಯ ಹುಡಿಯು ನಸುಗೆಂಪು, ಮಾರಕದ ಹುಡಿಯು ಬಿಳಿ. ಹುಟ್ಟೂರಿನಲ್ಲಿ ಎಂದೂ ಕೆಡದ ಕಣ್ಣು ಪರದೇಶದಲ್ಲಿ ಕೆಟ್ಟಿತು. ೨೦೨೨ರ ಏಪ್ರಿಲಿನಲ್ಲಿ ಅಸ್ಸಾಮಿನ ಚಹಾತೋಟಗಳ ಪ್ರದೇಶದಲ್ಲಿ ಕಾಡಣಬೆಯನ್ನು ತಿಂದು ೧೩ ಮಂದಿ ಸತ್ತರು. ಪಂಡಿತನೆಂಬ ಹೆಸರೂ ರಕ್ಷೆಯಾಗದು. ಯೂಲಿಯಸ್ ಶೇಫರ್ ಎಂಬ ಜರ್ಮನಿಯ ಪ್ರಸಿದ್ಧ ಅಣಬೆಶಾಸ್ತ್ರಜ್ಞನು ೧೯೪೪ರಲ್ಲಿ ಪ್ಯಾಕ್ಸಿಲಸ್ ಇನ್ವಲ್ಯೂಟಸ್ ಎಂಬುದನ್ನು ತಿಂದು ಮರಣ ಹೊಂದಿದನು. ಅವನು ಗುರುತಿಸುವುದರಲ್ಲಿ ತಪ್ಪಲಿಲ್ಲ. ಬೇಯಿಸಿ ತಿನ್ನಬಹುದೆಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದ ಅಣಬೆಯದು. ಹಲವು ಬಾರಿ ತಿಂದವರಲ್ಲಿಯೂ ಒಮ್ಮೆ ರಕ್ತಕಣಗಳನ್ನೇ ಒಡೆಯಿಸುವ ಅದರ ಸ್ವಭಾವವು ತಿಳಿದುದು ಆಮೇಲೆ. ತಲೆಮಾರುಗಳಿಂದ ತಿಂದಿದ್ದೇವೆಂಬ ಆಪ್ತವಾಕ್ಯಕ್ಕೂ ಇಷ್ಟೇ ಬಲವು.

ಕನ್ನಡಕ್ಕೆ ಬೇಕಾಗಿರುವುದು ಹೊಸ ಪಾರಿಭಾಷಿಕ ಶಬ್ದಗಳ ಸರಮಾಲೆಯಲ್ಲ. ಕೊಡೆ, ದಂಟು, ಪದರ, ಬಳೆ, ಚೀಲ, ಹುಡಿ ಎಂಬ ಆರು ಮನೆಮಾತುಗಳಿಂದಲೇ ಬಹುಭಾಗದ ವರ್ಣನೆಯು ಸಾಗುತ್ತದೆ. ಅಣಬೆಯೆಂದರೆ ತಿನ್ನತಕ್ಕುದು, ನಾಯಿಕೊಡೆಯೆಂದರೆ ತಿನ್ನಬಾರದ್ದು ಎಂದು ಕೆಲವರು ಮಾಡುವ ಭೇದವನ್ನು ಕೋಶಕಾರರು ಬಿಟ್ಟುಬಿಡುವುದು ಮೇಲು. ಅದು ಗುರುತಲ್ಲ, ತೀರ್ಪು. ಅದರ ಬದಲು ಬಲ್ಲವರನ್ನು ಕೇಳಿ, ಕಾಡಿನಲ್ಲಿ ಅವರ ಜೊತೆಯಲ್ಲಿ ನಿಂತು, ಒಂದೊಂದನ್ನು ಸಮಗ್ರವಾಗಿ ಬರೆಯಬೇಕು. ಯಾವುದರೊಡನೆ ತಪ್ಪು ತಿಳಿಯಬಹುದೋ ಅದನ್ನೂ ಪಕ್ಕದಲ್ಲಿಯೇ ಬರೆಯಬೇಕು. ಕರಾವಳಿಯ ಕಲ್ಲಣಬೆಯನ್ನು ಬರೆಯುವವನು ಮೊದಲ ಮಳೆಗೆ ಮಣ್ಣಿನಲ್ಲಿ ಹುದುಗಿರುವ ಗೋಲಿಯೆಂದು ನಿಲ್ಲಿಸಿದರೆ ಸಾಲದು. ಎಳೆಯದನ್ನು ಉದ್ದಕ್ಕೆ ಸೀಳಿದರೆ ಗಟ್ಟಿ ಸಿಪ್ಪೆಯೊಳಗೆ ಒಂದೇ ಸಮನಾದ ಬಿಳಿಯ ತಿರುಳಿರಬೇಕು. ತಿರುಳು ಕಪ್ಪಿಗೆ ತಿರುಗಿದ್ದರೆ ಅದು ಬಲಿತುಹೋಗಿದೆ, ಇಲ್ಲವೆ ಸ್ಕ್ಲೆರೋಡರ್ಮಾ ಎಂಬ ಬೇರೊಂದು ಗೋಲಿಯಾಗಿದೆ. ಬಿಳಿಯ ತಿರುಳಿನಲ್ಲಿ ಪುಟ್ಟ ಕೊಡೆಯೊಂದರ, ಅದರ ಪದರಗಳ ಗೆರೆಯು ಮೂಡಿ ಕಂಡರೆ ಅದು ಇನ್ನೂ ಚೀಲವನ್ನು ಒಡೆದು ಹೊರಬಾರದ ಅಮನಿಟಾದ ಮೊಟ್ಟೆಯು.